ಬೆರ್ಚಪ್ಪ ಮಲಗಿದ ಗದ್ದೆ

ಬೆಳ್ಳಿ ತೆಗೆದ ಫೋಟೋದ ಕೆಳಗೆ ಉಮಾನಾಥನ ಹೆಸರು ಅಚ್ಚಾಯಿತು. 1998ರ ಮಾರ್ಚ್ ತಿಂಗಳ ಎರಡನೇ ಭಾನುವಾರ, ಪತ್ರಿಕೆಯ ಪುರವಣಿಯಲ್ಲಿ, ಅರ್ಧ ಪುಟದಷ್ಟು ದೊಡ್ಡದಾಗಿ. ಚಿತ್ರ: ಉಮಾನಾಥ, ಸಾಸ್ತಾನ.

ಉಮಾನಾಥನಿಗೆ ಹೆದ್ದಾರಿ ಬದಿಯಲ್ಲೊಂದು ಸ್ಟುಡಿಯೋ ಇತ್ತು. ಹದಿನೈದು ವರ್ಷದಿಂದ ಮದುವೆ, ನಾಮಕರಣ, ಪಾಸ್‌ಪೋರ್ಟ್ ಅಳತೆಯ ಮುಖ ಇಷ್ಟನ್ನೇ ತೆಗೆಯುತ್ತ ಬಂದಿದ್ದ. ಮದುಮಗಳನ್ನು ನಗಿಸಿ, ಮಾವಂದಿರನ್ನು ಸಾಲಾಗಿ ನಿಲ್ಲಿಸಿ, ಆಲ್ಬಮ್ ಕಟ್ಟಿಕೊಟ್ಟರೆ ಮುಗಿಯಿತು. ಆಲ್ಬಮ್ ತಿರುವುವವರು ಸೀರೆ ನೋಡುತ್ತಿದ್ದರು, ಒಡವೆ ನೋಡುತ್ತಿದ್ದರು, ತೆಗೆದವನು ಯಾರೆಂದು ಒಬ್ಬರೂ ಕೇಳುತ್ತಿರಲಿಲ್ಲ. ಪುರವಣಿಗಳಲ್ಲಿ ಹಕ್ಕಿಗಳ ಚಿತ್ರ ಬಂದಾಗ ಅವನು ಮೊದಲು ಕೆಳಗಿನ ಹೆಸರು ಓದುತ್ತಿದ್ದ, ಆಮೇಲೆ ಹಕ್ಕಿ. ಹೆಸರು ತನ್ನದಲ್ಲವೆಂದು ಗೊತ್ತಿದ್ದೇ ಓದುತ್ತಿದ್ದ. ಓದಿ, ಪತ್ರಿಕೆ ಮಡಚಿ, ಆ ದಿನವಿಡೀ ಗಿರಾಕಿಗಳ ಮೇಲೆ ಸಿಡುಕುತ್ತಿದ್ದ. ಹೆಂಡತಿ ಪ್ರಫುಲ್ಲಾ ಭಾನುವಾರದ ಪತ್ರಿಕೆಯನ್ನು ಊಟವಾಗುವವರೆಗೆ ಬಚ್ಚಿಡುವುದನ್ನು ಕಲಿತುಕೊಂಡಿದ್ದಳು.

ಅಂಥವನ ಸ್ಟುಡಿಯೋಗೆ ಆ ಫೆಬ್ರವರಿಯಲ್ಲಿ ಚಂದಯ್ಯ ಬಂದ. ಸಾಸ್ತಾನದ ಪಡುಬದಿಯ ಬಯಲಿನಲ್ಲಿ ಅರ್ಧಕ್ಕರ್ಧ ಗದ್ದೆಗಳು ಚಂದಯ್ಯನವೇ.

"ಹ್ವಾಯ್ ಉಮಾನಾಥ, ನಮ್ಮ ನೆಲಗಡ್ಲೆ ಗದ್ದೆಗೆ ಎಂತದೋ ಎರಡ್ ಹಕ್ಕಿ ಬಂದಿತ್ ಮಾರಾಯ. ಕೊಕ್ಕರೆ ಅಂದ್ರೆ ನಮ್ಮ ಕೊಕ್ಕರೆ ಅಲ್ಲ. ಮೈ ಬೂದಿ, ಕುತ್ಗಿ ಕಪ್ಪ್, ಕೆಮಿ ಹತ್ರ ಬಿಳಿ ಜುಟ್ಟ್. ಪೋಸ್ ಕೊಡು ಮದಿಮಗಳ ಕಣೆಗೆ ನಡೀತ್ತ್."

ಉಮಾನಾಥ ಹಕ್ಕಿಗಳ ಪುಸ್ತಕ ತೆರೆದ. ಬೂದು ಮೈ, ಕಪ್ಪು ಕುತ್ತಿಗೆ, ಕಿವಿಯ ಬಳಿ ಬಿಳಿ ಜುಟ್ಟು. ಕರ್ಕರೆ ಕೊಕ್ಕರೆ. ಹಿಮಾಲಯ ದಾಟಿ ಘಟ್ಟದ ಮೇಲಿನ ಬಯಲುಸೀಮೆಯ ಕೆರೆಗಳಿಗೆ ಬರುವ ಹಕ್ಕಿ. ಇವೆರಡು ದಾರಿ ತಪ್ಪಿ ಸಮುದ್ರದ ಬದಿಗೆ ಇಳಿದದ್ದು ಹೇಗೋ. ಅದನ್ನು ಈ ಕರಾವಳಿಯಲ್ಲಿ ಯಾರಾದರೂ ಫೋಟೋ ತೆಗೆದದ್ದು ಅವನು ಕೇಳಿರಲಿಲ್ಲ. ಮೊದಲಿಗನಾಗುವ ಒಂದು ಅವಕಾಶ ಮನುಷ್ಯನಿಗೆ ಬದುಕಿನಲ್ಲಿ ಎಷ್ಟು ಸಲ ಬರುತ್ತದೆ?

ಆ ಬಯಲಿನಲ್ಲೊಂದು ಕಟ್ಟಳೆ ಇದೆ. ನೆಲಗಡಲೆ ಕಿತ್ತು ಮುಗಿದ ದಿನ ಒಡೆಯನು ಗದ್ದೆಯ ನಡುವಿನ ಬೆರ್ಚಪ್ಪನನ್ನು, ಅಂದರೆ ಹರಕು ಅಂಗಿ ತೊಟ್ಟು ಮಡಕೆಯ ತಲೆ ಹೊತ್ತು ನಿಂತ ಬೆದರುಬೊಂಬೆಯನ್ನು, ತನ್ನ ಕೈಯಾರೆ ಕಿತ್ತು ಅಂಚಿನ ಮೇಲೆ ಮಲಗಿಸುತ್ತಾನೆ. ಬೆರ್ಚಪ್ಪ ಮಲಗಿದ ಮೇಲೆ ಗದ್ದೆ ಹೆಕ್ಕುವವರದ್ದು. ಮಣ್ಣಿನಲ್ಲಿ ಉಳಿದ ಕಾಯಿ ಸಿಕ್ಕಿದವರಿಗೆ. ಮತ್ತೆ ನೇಗಿಲು ಇಳಿಯುವವರೆಗೆ ಒಡೆಯ ಕೂಡ ಅವರನ್ನು ಏಳು ಎನ್ನುವ ಹಾಗಿಲ್ಲ. ಕೆಳಗಿನ ಕೇರಿಯ ಹೆಂಗಸರು ಹೆಡಿಗೆ ಬುಟ್ಟಿ ಹಿಡಿದು, ತಲೆಗೆ ಬಟ್ಟೆ ಹೊದ್ದು, ಕುಕ್ಕರುಗಾಲಿನಲ್ಲೇ ಗದ್ದೆಯ ಈ ತುದಿಯಿಂದ ಆ ತುದಿಗೆ ಸರಿಯುತ್ತಾರೆ. ಬಿತ್ತಿದವರೂ ಅವರೇ, ಕಿತ್ತವರೂ ಅವರೇ. ಈ ಉಳಿಕೆಯೊಂದಕ್ಕೆ ಮಾತ್ರ ಅವರು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಬೆಳ್ಳಿ ಅವರಲ್ಲೊಬ್ಬಳು. ಐವತ್ತರ ಆಸುಪಾಸು. ಸಾಕ್ಷರತೆಯ ತರಗತಿ ಊರಿಗೆ ಬಂದಾಗ ಸ್ಲೇಟು ಹಿಡಿದು ಅಕ್ಷರ ಕಲಿತವಳು, ಮಾತು ಮೊದಲೇ ಕಲಿತವಳು. ಉಮಾನಾಥ ಅವಳ ಕೈಯಲ್ಲೇ ತೆಂಗಿನ ಮಡಲು ನೇಯಿಸಿ, ಗದ್ದೆಯಲ್ಲೊಂದು ಮರೆ ಕಟ್ಟಿಸಿದ. ಇಬ್ಬರು ಒತ್ತಿ ಕೂರುವಷ್ಟು ಜಾಗ, ಮುಂದೆ ಲೆನ್ಸ್ ಚಾಚುವಷ್ಟು ಕಿಂಡಿ. ಬೆಳಗಾಗುವ ಮೊದಲೇ ಹೋಗಿ ಒಳಗೆ ಕೂತ.

ನಾಲ್ಕು ದಿನ ಕೂತ. ಹಕ್ಕಿಗಳು ದಿನವೂ ಬಂದವು. ಮರೆಯಿಂದ ದೂರ, ಬಹು ದೂರ ಇಳಿದು, ಎಲ್ಲಿ ಬೆಳ್ಳಿ ಹೆಕ್ಕುತ್ತಿದ್ದಳೋ ಅಲ್ಲಿಗೆ ನಡೆದುಹೋದವು. ಅವಳಿಂದ ಹತ್ತು ಮಾರು, ಒಮ್ಮೊಮ್ಮೆ ಐದೇ ಮಾರು. ಅವಳು ಮಣ್ಣು ಕೆದಕಿ ಮುಂದೆ ಸರಿದರೆ ಅವು ಕೆದಕಿದಲ್ಲಿಗೆ ಬಂದು ಕೊಕ್ಕು ಹಾಕಿದವು. ಉಮಾನಾಥನ ಲೆನ್ಸಿನ ತುಂಬ ಅವಳ ಬೆನ್ನು. ಬೆನ್ನಿನ ಆಚೆ ಎಲ್ಲೋ ಒಂದು ಬೂದುಬಣ್ಣದ ತುಣುಕು. ನಾಲ್ಕನೇ ದಿನ ಒಂದು ಹಕ್ಕಿ ರೆಕ್ಕೆ ಬಿಚ್ಚಿ ಕುಣಿಯಿತು, ಕುಣಿದದ್ದು ಬೆಳ್ಳಿಯ ಎದುರಿಗೆ. ಅವಳು ಕತ್ತೆತ್ತಿ ನೋಡಿ, ಬಾಯಿಯೊಳಗಿನ ಎಲೆಯಡಿಕೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಸರಿಸಿ, ಮತ್ತೆ ಕಾಯಿ ಹೆಕ್ಕತೊಡಗಿದಳು. ಉಮಾನಾಥ ಲೆನ್ಸಿನಿಂದ ಕಣ್ಣು ತೆಗೆದ. ಅದನ್ನು ನೋಡಬೇಕಾದವನು ತಾನು. ನೋಡಿದ್ದು ಇವಳು, ಅದೂ ಎಲೆಯಡಿಕೆ ಅಗಿಯುತ್ತ.

ಬಿಸಿಲೇರಿದಾಗ ಮರೆಯಿಂದ ಹೊರಬಂದ. ಹಕ್ಕಿ ಹಾರಿದವು. ಬೆಳ್ಳಿ ಅವು ಹಾರಿದ ಕಡೆಗೇ ನೋಡುತ್ತ ಕೇಳಿದಳು:

"ಎಂತ ಫೋಟೋದವ್ರೆ, ಬಿಳಿ ಕೆಮಿಯವ್ ನಿಮ್ಗೆ ಮೋರೆ ತೋರ್ಸಿಲ್ಯಾ?"

"ನೀನ್ ಅವನ್ನ ಅಲ್ಲೇ ಕೂರ್ಸಿಕಂಡ್ರೆ ನನ್ನ ಹತ್ರ ಬಪ್ಪುದ್ ಹ್ಯಾಂಗೆ?"

"ನಾ ಎಂತ ಹಗ್ಗ ಕಟ್ಟಿದ್ನಾ? ನಿಮ್ಮ ಮಡ್ಲಿನ ಮರೆ ಕಾವಲ್ ಗುಡ್ಸಲ್ ಕಣೆಗೆ ಕಾಣ್ತ್. ಅದ್ರೊಳ್ಗೆ ಕೂಕಂಬುದ್ ಕಲ್ಲ್ ಹೊಡುವವ್ರೇ. ಹಕ್ಕಿಗೆ ಅಷ್ಟೂ ಗೊತ್ತಿಲ್ಯಾ?"

"ಮಡ್ಲ್ ನೇಯುವತ್ತಿಗೆ ಎಂತಕ್ ಹೇಳ್ಲಿಲ್ಲೆ?"

"ನೀವ್ ಮಡ್ಲ್ ನೇಯುಕೆ ಹೇಳದ್ದ್. ಬುದ್ಧಿ ಹೇಳುಕೆ ಹೇಳ್ಲಿಲ್ಲೆ."

ಮರುದಿನ ಅವನು ಪ್ರಫುಲ್ಲಾಳ ಹಳೇ ಸೀರೆಯನ್ನು ತಲೆಗೆ ಹೊದ್ದು, ಹೆಡಿಗೆಯೊಳಗೆ ಕ್ಯಾಮರಾ ಇಟ್ಟು, ಹೆಂಗಸರ ಸಾಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಸಾಲಿಗೆ ಸಾಲೇ ನಕ್ಕಿತು. ಹತ್ತು ಕಾಯಿ ಹೆಕ್ಕುವಷ್ಟರಲ್ಲಿ ಸೊಂಟ ಹಿಡಿಯಿತು, ಎದ್ದು ನಿಂತ. ಹಕ್ಕಿಗಳು ಪಕ್ಕದ ಬಯಲಿಗೆ ಹೋದವು. ಮತ್ತೆ ಬಂದವು, ಮತ್ತೆ ಅವನ ಸೊಂಟ ಎದ್ದಿತು.

"ಹೆಕ್ಕುವವ್ರ್ ನಡು ನಡು ಏಳುದಿಲ್ಲೆ," ಎಂದಳು ಬೆಳ್ಳಿ. "ಎದ್ದವ ಕಲ್ಲ್ ಹೊಡುಕೇ ಎದ್ದದ್ದ್ ಅಂತ ಹಕ್ಕಿ ಲೆಕ್ಕ. ನಮ್ಗೆ ಬೆನ್ನ್ ಬಗ್ಗಿ ಬಗ್ಗಿ ಅಲ್ಲೇ ನಿತ್ತ್‌ಬಿಟ್ಟಿತ್. ನಿಮ್ಗೆ ಒಂದ್ ದಿನದಲ್ಲಿ ಬಪ್ಪು ವಿದ್ಯೆ ಅಲ್ಲ."

ಬೇರೆ ದಾರಿ ಇರಲಿಲ್ಲ. ಅವನು ಕ್ಯಾಮರಾವನ್ನು ಅವಳ ಹೆಡಿಗೆಯೊಳಗೆ ಇಟ್ಟ. ಎಲ್ಲಿ ಕಣ್ಣಿಡಬೇಕು, ಎಲ್ಲಿ ಒತ್ತಬೇಕು ತೋರಿಸಿದ. ಎಂಟು ಮಾರು ದೂರಕ್ಕೆ ಹೊಂದಿಸಿ, ಲೆನ್ಸಿನ ಫೋಕಸ್ ಉಂಗುರ ಅಲುಗದ ಹಾಗೆ ಅಂಟುಪಟ್ಟಿ ಹಚ್ಚಿದ. "ಎಂಟ್ ಮಾರಿಗೆ ಬಂದಾಗ ಮಾತ್ರ ಒತ್ತ್. ಏಳ್ಬೇಡ. ಎಂತ ಆದ್ರೂ ಏಳ್ಬೇಡ."

ಮಧ್ಯಾಹ್ನ ಕ್ಯಾಮರಾ ತಿರುಗಿ ಬಂತು. ರೋಲು ಮುಗಿದಿತ್ತು. ಅಂಟುಪಟ್ಟಿ ಹೆಡಿಗೆಯ ಅಂಚಿಗೆ ಅಂಟಿಕೊಂಡಿತ್ತು, ಮುರಿದ ಅಂಚಿಗೆ ಅವಳು ಸುತ್ತಿದ್ದ ನೀಲಿ ನೈಲಾನ್ ಹಗ್ಗದ ಪಕ್ಕದಲ್ಲಿ.

"ಆ ಪಟ್ಟಿ ಇಪ್ಪಾಗ ಹಕ್ಕಿ ಮಸ್ಕ್ ಮಸ್ಕ್ ಕಾಣ್ತಿತ್," ಎಂದಳು. "ಕಿತ್ತ್ ಹಾಕಿ ನಾನೇ ತಿರ್ಸಿದೆ. ಒಂಚೂರ್ ತಿರ್ಸಿರೆ ಕಣ್ಣಿನ ರೆಪ್ಪೆವರಿಗೂ ಕಾಣ್ತ್. ತಪ್ಪಾಯ್ತಾ?"

ಅವನು ರೋಲು ಬಿಚ್ಚಿ ಕಿಸೆಗೆ ಹಾಕಿಕೊಂಡ. ರೋಲು ಹಾಳಾಯಿತೆಂದು ಬಗೆದು ಉಡುಪಿಯ ಲ್ಯಾಬಿಗೆ ಹೋದ. ಮೂವತ್ತಾರರಲ್ಲಿ ಇಪ್ಪತ್ತರಷ್ಟು ನಿಜಕ್ಕೂ ಹಾಳಾಗಿದ್ದವು. ಬರಿಯ ಮಣ್ಣು, ತಲೆಯಿಲ್ಲದ ಹಕ್ಕಿ, ಅವಳದೇ ಹೆಬ್ಬೆರಳು. ಇಪ್ಪತ್ತೊಂದನೆಯದನ್ನು ತಿರುವಿದಾಗ ಅವನು ಲ್ಯಾಬಿನ ಬೆಂಚಿನ ಮೇಲೆ ಕೂತುಬಿಟ್ಟ.

ನೆಲಮಟ್ಟದಿಂದ ತೆಗೆದ ಚಿತ್ರ. ಹಿಂದಿನ ಹಕ್ಕಿ ರೆಕ್ಕೆ ಬಿಚ್ಚಿದೆ. ಮುಂದಿನ ಹಕ್ಕಿಯ ಕೊಕ್ಕಿನಲ್ಲಿ ಮಣ್ಣು ಮೆತ್ತಿದ ಒಂದು ನೆಲಗಡಲೆ. ಅದರ ಕೆಂಪು ಕಣ್ಣು ನೇರ ಇತ್ತ ನೋಡುತ್ತಿದೆ. ಹೆದರಿಕೆ ಇಲ್ಲ, ಕುತೂಹಲವೂ ಇಲ್ಲ. ಬೇಲಿಯಾಚೆಯ ನೆರೆಯವಳನ್ನು ನೋಡುವ ನೋಟ ಅದು. ಚಿತ್ರದ ಕೆಳಮೂಲೆಯಲ್ಲಿ ಏನೋ ಒಂದು ನೀಲಿ ಮಸುಕು.

ಹದಿನೈದು ವರ್ಷದಲ್ಲಿ ಯಾವ ಮದುಮಗಳೂ ಅವನ ಕ್ಯಾಮರಾವನ್ನು ಹಾಗೆ ನೋಡಿರಲಿಲ್ಲ. ಪ್ರಫುಲ್ಲಾ ಕೂಡ ಅವನನ್ನು ಹಾಗೆ ನೋಡಿದ್ದು ನೆನಪಾಗಲಿಲ್ಲ. ಆ ನೋಟ ಸಿಕ್ಕಿದ್ದು ಬೆಳ್ಳಿಗೆ. ಅವಳು ಬಯಸಿರಲಿಲ್ಲ, ಕೇಳಿರಲಿಲ್ಲ, ಸುಮ್ಮನೆ ಬಗ್ಗಿ ಕೂತಲ್ಲಿಗೆ ಅದು ಬಂದಿತ್ತು. ಅವನಿಗೆ ಅವಳ ಮೇಲೆ ಬಂದ ಸಿಟ್ಟಿಗೆ ಕಾರಣವೇ ಇರಲಿಲ್ಲ. ಕಾರಣವಿಲ್ಲದ್ದರಿಂದ ಆ ಸಿಟ್ಟು ಇಳಿಯಲೂ ಇಲ್ಲ.

ಸ್ಟುಡಿಯೋದಿಂದ ಹೊರಬೀಳುವ ಪ್ರತಿ ಪ್ರಿಂಟಿನ ಬೆನ್ನಿಗೆ ಸ್ಟುಡಿಯೋ ಹೆಸರಿನ ರಬ್ಬರ್ ಮೊಹರು ಒತ್ತುವುದು ಅವನ ರೂಢಿ. ಇದಕ್ಕೂ ಒತ್ತಿದ. ಆಮೇಲೆ ಪೆನ್ನು ತೆಗೆದು ಮೊಹರಿನ ಕೆಳಗೆ ತನ್ನ ಹೆಸರು ಬರೆದ. ಮೊಹರು ರೂಢಿಯಿಂದ ಬಿತ್ತು ಎನ್ನಬಹುದು. ಪೆನ್ನು ರೂಢಿಯಿಂದ ಓಡಲಿಲ್ಲ. ಕ್ಯಾಮರಾ ನನ್ನದು, ರೋಲು ನನ್ನದು, ಹಕ್ಕಿಯ ಹೆಸರು ಗೊತ್ತಿದ್ದವನು ನಾನು ಎಂದುಕೊಂಡ. ಅಂಟುಪಟ್ಟಿಯ ಸುದ್ದಿಯನ್ನು ನೆನಪಿಗೆ ತಂದುಕೊಳ್ಳದೆ ಪ್ರಿಂಟನ್ನು ಪತ್ರಿಕೆಗೆ ಕಳಿಸಿದ.

ಚಿತ್ರ ಅಚ್ಚಾದ ಮರುದಿನ ಬೆಳ್ಳಿ ಸ್ಟುಡಿಯೋಗೆ ಬಂದಳು. ಮೀನು ಕಟ್ಟಿಕೊಡುವ ಅಂಗಡಿಯಿಂದ ಪುಟವನ್ನು ಬಿಡಿಸಿ ತಂದಿದ್ದಳು. ಕೌಂಟರಿನ ಮೇಲೆ ಹರಡಿ, ಹೆಸರಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು.

"ಉ. ಮಾ. ನಾ. ಥ." ನಿಲ್ಲಿಸಿ ಮತ್ತೆ ಮೊದಲಿಂದ ಓದಿದಳು. "ಬೆಳ್ಳಿ ಅಂತ ಬರಿಯುಕೆ ಇದ್ರಷ್ಟ್ ಅಕ್ಷರ ಬೇಡ ಇದ್ದಿತ್."

"ಪೇಪರಿನವ್ರ್ ಹಾಕದ್ದ್ ಮಾರಾಯ್ತಿ. ಸ್ಟುಡಿಯೋ ಹೆಸ್ರ್ ಕಂಡ್ ಹಾಕಿರ್."

"ಹೌದಾ? ಸ್ಟುಡಿಯೋ ಹೆಸ್ರ್ ಬೇರೆ ಅಲ್ದಾ? ಬೋರ್ಡಿನ ಮೇಲೆ ಓದ್ಕಂಡೇ ಒಳ್ಗೆ ಬಂದೆ."

ಅವನು ಒಂದು ಪ್ರಿಂಟ್ ತೆಗೆದು ಕೊಟ್ಟ. ಅವಳು ಹಿಂದೆ ತಿರುಗಿಸಿ ಮೊಹರು ನೋಡಿ, ಮುಂದೆ ತಿರುಗಿಸಿ ಹಕ್ಕಿ ನೋಡಿ, ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಜಗಳವಾಡಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಬ್ರಹ್ಮಾವರದ ಸಭೆಯೊಂದರಲ್ಲಿ ಉಮಾನಾಥನಿಗೆ ಶಾಲು ಹೊದಿಸಿದರು. ಭಾಷಣ ಮಾಡಿದವನೊಬ್ಬ, "ನೋಡಿ, ಹಕ್ಕಿ ಇವರನ್ನು ಎಷ್ಟು ನಂಬಿ ನೋಡುತ್ತಿದೆ" ಎಂದ. ಶಾಲಿನೊಳಗೆ ಉಮಾನಾಥನ ಬೆನ್ನು ಬೆವರಿತು. ಚಿತ್ರವನ್ನು ದೊಡ್ಡದು ಮಾಡಿ ಸ್ಟುಡಿಯೋದಲ್ಲಿ ತೂಗುಹಾಕಿದ. ಒಂದು ತಿಂಗಳಾದ ಮೇಲೆ ಅದನ್ನು ತಾನು ಕೂರುವ ಕುರ್ಚಿಯ ಹಿಂದಿನ ಗೋಡೆಗೆ ಬದಲಾಯಿಸಿದ. ಎದುರಿಗಿದ್ದರೆ ಆ ಕೆಂಪು ಕಣ್ಣು ಅವನನ್ನು ದಾಟಿ, ಬಾಗಿಲಾಚೆ ಯಾರನ್ನೋ ನೋಡುತ್ತಿತ್ತು.

ಮುಂದಿನ ವರ್ಷ ಜನವರಿಯಲ್ಲಿ ಶಿವಮೊಗ್ಗದಿಂದ ಸುಧೀರ್ ಎಂಬವನ ಪತ್ರ ಬಂತು. ಕರಾವಳಿಯ ಹಕ್ಕಿಗಳ ಬಗ್ಗೆ ಪುಸ್ತಕ ಮಾಡುತ್ತಿದ್ದಾನೆ. ಆ ಚಿತ್ರ ಅದರ ಹೊದಿಕೆಗೆ ಬೇಕು. ಹಕ್ಕಿಗಳು ಈ ಸಲವೂ ಬಂದರೆ ತಾನೂ ಬಂದು ಅದೇ ಮರೆಯಲ್ಲಿ ಜೊತೆಗೆ ಕೂರಬೇಕು. ಪುಸ್ತಕದ ಹೊದಿಕೆ. ಉಮಾನಾಥ ಪತ್ರವನ್ನು ಮೂರು ಸಲ ಓದಿದ, ನಾಲ್ಕನೇ ಸಲ ಪ್ರಫುಲ್ಲಾಳಿಗೆ ಓದಿ ಹೇಳಿದ.

"ಬೆಳ್ಳಿಗೂ ಹೇಳಿ ಒಂದ್ ಮಾತ್," ಎಂದಳು ಅವಳು, ಮೀನಿನ ಪೊರೆ ತೆಗೆಯುತ್ತ.

"ಅವ್ಳಿಗ್ ಎಂತಕೆ?"

ಪ್ರಫುಲ್ಲಾ ಇನ್ನೊಂದು ಮೀನು ಎತ್ತಿಕೊಂಡಳು.

ಫೆಬ್ರವರಿಯಲ್ಲಿ ಹಕ್ಕಿಗಳು ಬಂದವು. ಈ ಸಲ ಮೂರು. ಬಿಚ್ಚಿಟ್ಟಿದ್ದ ಹೋದ ವರ್ಷದ ಮರೆಯನ್ನು ಅದೇ ಜಾಗದಲ್ಲಿ ಮತ್ತೆ ನಿಲ್ಲಿಸಿದ್ದಾಯಿತು. ಉಮಾನಾಥನ ತಲೆಯಲ್ಲಿ ಒಂದೇ ಯೋಚನೆ: ಈ ಸಲ ಅವು ನನ್ನನ್ನು ನೋಡಬೇಕು. ಒಂದೇ ಒಂದು ಚಿತ್ರ ನಾನೇ ತೆಗೆದರೆ ಹೋದ ವರ್ಷದ್ದೂ ನನ್ನದಾಗಿಬಿಡುತ್ತದೆ. ಅದಕ್ಕೆ ಬೆಳ್ಳಿ ಗದ್ದೆಯಲ್ಲಿ ಇರಕೂಡದು. ಅವನು ಚಂದಯ್ಯನ ಮನೆಗೆ ಹೋದ.

"ಚಂದಯ್ಯಣ್ಣ, ಕಡ್ಲೆ ಕಿತ್ತಾದ್ರೂ ಬೆರ್ಚಪ್ಪನ್ನ ನಾಲ್ಕ್ ದಿನ ಹಾಂಗೇ ಬಿಡಿ. ಹೆಕ್ಕುವವ್ರ್ ಒಳ್ಗೆ ಬಪ್ಪುದ್ ಬೇಡ. ಪುಸ್ತಕದಲ್ಲಿ ನಿಮ್ಮ ಗದ್ದೆ ಹೆಸ್ರ್ ಹಾಕ್ಸ್ತೆ."

ಚಂದಯ್ಯ ಗಲ್ಲ ಕೆರೆದುಕೊಂಡ. ಅವನ ಅಪ್ಪನ ಕಾಲದಿಂದ ಯಾರೂ ಮಾಡದ ಕೆಲಸ. ಆದರೂ ಪುಸ್ತಕದಲ್ಲಿ ಹೆಸರು ಅಂದರೆ ಅವನಿಗೂ ಬಾಯಲ್ಲಿ ನೀರು ಬಂತು. ಒಪ್ಪಿದ.

ಕಿತ್ತು ಖಾಲಿಯಾದ ಗದ್ದೆಯಲ್ಲಿ ಬೆರ್ಚಪ್ಪ ನಿಂತೇ ಇದ್ದ. ಹೆಡಿಗೆ ಹಿಡಿದ ಹೆಂಗಸರು ಅಂಚಿನ ಮೇಲೆ ಬಂದು ಕೂತರು. ಒಂದು ದಿನ ಕೂತರು, ಎರಡು ದಿನ ಕೂತರು. ಬೆಳ್ಳಿ ಅಂಚಿನಿಂದಲೇ ಮರೆಯ ಕಡೆಗೆ ಕೇಳುವ ಹಾಗೆ ಹೇಳಿದಳು: "ಕಡ್ಲೆ ಇಲ್ದಿದ್ ಗದ್ದೆಗೆ ಕಾವಲ್ ಎಂತಕ್ ಅಂಬ್ರ್? ಮಣ್ಣ್ ಕದ್ಕ ಹೋತ್ರ್ ಅಂತ್ಲಾ?"

ಸುಧೀರ್ ಬಂದ ದಿನವೂ ಬೆರ್ಚಪ್ಪ ನಿಂತಿದ್ದ. ಮೂರು ಹಕ್ಕಿಗಳು ಮೇಲಿನಿಂದ ಒಂದು ಸುತ್ತು ಹಾಕಿ, ಮಡಕೆಯ ತಲೆ ನೋಡಿ, ಕಡಲ ಬದಿಯ ಕೋಡಿ ಊರಿನ ಕಡೆಗೆ ಹೋದವು. ಸಂಜೆಯವರೆಗೆ ಮರಳಲಿಲ್ಲ.

"ಉಮಾನಾಥ್ ಅವರೇ, ಆ ಬೊಂಬೆ ಇದ್ದರೆ ಅವು ಹೇಗೆ ಇಳಿಯುತ್ತವೆ?" ಎಂದ ಸುಧೀರ್. ಮೆದುಮಾತಿನ ಮನುಷ್ಯ. "ಹೋದ ಸಲವೂ ಇತ್ತೇ?"

ಉಮಾನಾಥನಿಗೆ ಅದು ಹೊಳೆದೇ ಇರಲಿಲ್ಲ. ಬೆಳ್ಳಿಯನ್ನು ಹೊರಗಿಡುವ ಭರದಲ್ಲಿ ಹಕ್ಕಿಗಳನ್ನೂ ಹೊರಗಿಟ್ಟಿದ್ದ. ಅವನ ಹೊಟ್ಟೆಕಿಚ್ಚಿಗೆ ಬೆರ್ಚಪ್ಪ ಹಕ್ಕಿಯನ್ನೂ ಓಡಿಸುತ್ತಾನೆ ಎಂಬ ಸಣ್ಣ ಸಂಗತಿ ಮರೆತುಹೋಗಿತ್ತು.

ಮರುದಿನ ಬೆಳಗ್ಗೆ ಚಂದಯ್ಯ ಬೆರ್ಚಪ್ಪನನ್ನು ಕಿತ್ತು ಅಂಚಿನಲ್ಲಿ ಮಲಗಿಸಿದ. ಹೆಂಗಸರು ಹೆಡಿಗೆ ಎತ್ತಿಕೊಂಡು ಗದ್ದೆಗೆ ಇಳಿದರು. ಬೆಳ್ಳಿ ಎಲ್ಲರಿಗಿಂತ ಮುಂದೆ ಸರಿದು, ಮರೆಯ ಕಿಂಡಿಯ ಎದುರಿಗೇ, ಮೂವತ್ತು ಅಡಿ ದೂರದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮಣ್ಣು ಕೆದಕತೊಡಗಿದಳು. ಸ್ವಲ್ಪ ಹೊತ್ತಿಗೆ ಆಕಾಶದಲ್ಲಿ ಕರ್‍ರ್ ಎಂಬ ಸದ್ದು. ಮೂರೂ ಇಳಿದವು. ನಡೆದು ನಡೆದು ನೇರ ಅವಳ ಬಳಿಗೆ ಬಂದವು.

ಮರೆಯೊಳಗೆ ಸುಧೀರ್ ಲೆನ್ಸಿಗೆ ಕಣ್ಣಿಟ್ಟ. ಅವನ ಕ್ಯಾಮರಾ ಎರಡು ಸಲ ಕ್ಲಿಕ್ಕಿಸಿ ನಿಂತಿತು. ಅವನು ಲೆನ್ಸಿನಿಂದ ಕಣ್ಣು ತೆಗೆದು, ಚೀಲದಿಂದ ಉಮಾನಾಥ ಕಳಿಸಿದ್ದ ಹೋದ ವರ್ಷದ ಪ್ರಿಂಟ್ ಹೊರತೆಗೆದ. ಕಿಂಡಿಯ ಎತ್ತರ ನೋಡಿದ, ಪ್ರಿಂಟ್ ನೋಡಿದ, ಬೆಳ್ಳಿಯನ್ನು ನೋಡಿದ.

"ಇದು ಈ ಕಿಂಡಿಯಿಂದ ತೆಗೆದ ಚಿತ್ರ ಅಲ್ಲ," ಎಂದ ಪಿಸುದನಿಯಲ್ಲಿ. "ನೆಲದ ಮಟ್ಟದ್ದು. ಮೂಲೆಯಲ್ಲಿ ಈ ನೀಲಿ ಏನು ಅಂತ ಪತ್ರದಲ್ಲಿ ಕೇಳಿದ್ದೆ, ಮರೆ ಕಟ್ಟಿದ ಹಗ್ಗ ಅಂದಿರಿ. ಇಲ್ಲಿ ಎಲ್ಲ ತೆಂಗಿನ ಹುರಿಯೇ ಇದೆಯಲ್ಲ."

ಹೊರಗೆ ಬೆಳ್ಳಿಯ ಹೆಡಿಗೆಯ ಮುರಿದ ಅಂಚಿನಲ್ಲಿ ನೀಲಿ ನೈಲಾನ್ ಹಗ್ಗ ಬಿಸಿಲಿಗೆ ಹೊಳೆಯುತ್ತಿತ್ತು.

"ಈ ಚಿತ್ರ ತೆಗೆದದ್ದು ಯಾರು, ಉಮಾನಾಥ್?"

ಉಮಾನಾಥನ ಕಿವಿಗೆ ಅದು ಬಿದ್ದಿತು. ಅವನ ಕಣ್ಣು ಮಾತ್ರ ಹೊರಗಿತ್ತು. ಅತಿ ಹತ್ತಿರದ ಹಕ್ಕಿ ಕತ್ತು ಓರೆ ಮಾಡಿ ಬೆಳ್ಳಿಯನ್ನು ನೋಡುತ್ತಿತ್ತು. ಅದೇ ಕೆಂಪು ಕಣ್ಣು, ಅದೇ ನೋಟ. ಇಡೀ ವರ್ಷ ಅವನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೊತ್ತು ತಿರುಗಿದ ನೋಟ. ಇಷ್ಟು ಜನ, ಇಷ್ಟು ಕ್ಯಾಮರಾ, ಇಷ್ಟು ದೊಡ್ಡ ಲೆನ್ಸು ಇದ್ದೂ ಅದು ಮತ್ತೆ ಹೋದದ್ದು ಅವಳ ಕಡೆಗೇ. ಅವಳು ಎದ್ದರೆ ಸಾಕು. ಅವಳು ಎದ್ದರೆ ಹಕ್ಕಿ ಹಾರುತ್ತವೆ, ನೀಲಿ ಹಗ್ಗ ಹೋಗುತ್ತದೆ, ಪ್ರಶ್ನೆ ಹೋಗುತ್ತದೆ. ಅವನು ಕಿಂಡಿಗೆ ಬಾಯಿಟ್ಟ.

"ಬೆಳ್ಳಿ, ಏಳ್."

ಹಕ್ಕಿಗಳು ಕತ್ತೆತ್ತಿದವು. ಬೆಳ್ಳಿ ಎತ್ತಲಿಲ್ಲ.

"ಏಳ್ ಅಂದೆ. ಗದ್ದೆ ಬಿಟ್ಟ್ ಹೊರ್ಗೆ ಹೋಗ್. ಚಂದಯ್ಯಣ್ಣ, ನೀವಾದ್ರೂ ಹೇಳಿ ಅವ್ಳಿಗೆ."

ಅಂಚಿನಲ್ಲಿ ನಿಂತಿದ್ದ ಚಂದಯ್ಯ ಒಂದು ಕಾಲನ್ನು ಗದ್ದೆಗೆ ಇಟ್ಟ. ಮೂರೂ ಹಕ್ಕಿಗಳು ರೆಕ್ಕೆ ಅರ್ಧ ಬಿಚ್ಚಿದವು. "ಯಜಮಾನ್ರೇ, ದಯವಿಟ್ಟು ಕಾಲಿಡಬೇಡಿ" ಎಂದ ಸುಧೀರ್. ಚಂದಯ್ಯ ತನ್ನದೇ ಗದ್ದೆಯಿಂದ ಕಾಲು ಹಿಂದಕ್ಕೆ ತೆಗೆದ. ತೆಗೆದು, ಅಲ್ಲಿಂದಲೇ ಕೂಗಿದ: "ಬೆಳ್ಳಿ, ಹೇಳದ್ ಕೇಂತಿಲ್ಯಾ? ಎರಡ್ ದಿನ ಬಿಟ್ಟ್ ಬಾ. ಏಳ್."

ಬೆಳ್ಳಿ ಮಣ್ಣಿನಿಂದ ಒಂದು ಕಾಯಿ ತೆಗೆದು, ಒರೆಸಿ, ಹೆಡಿಗೆಗೆ ಹಾಕಿದಳು. ಮತ್ತೊಂದನ್ನು ತೆಗೆದು ಹಕ್ಕಿಯ ಕಡೆಗೆ ಉರುಳಿಸಿದಳು. ಹಕ್ಕಿ ರೆಕ್ಕೆ ಮಡಚಿ, ಎರಡು ಹೆಜ್ಜೆ ಮುಂದೆ ಬಂದು ಅದನ್ನು ಎತ್ತಿಕೊಂಡಿತು.

"ಬೆರ್ಚಪ್ಪ ಮಲ್ಕಂಡಾಯ್ತ್," ಎಂದಳು, ಹಕ್ಕಿಗೆ ಹೇಳುವಷ್ಟು ತಗ್ಗಿದ ದನಿಯಲ್ಲಿ. ಆದರೂ ಮರೆಯೊಳಗಿನವರಿಗೆ ಒಂದೊಂದು ಮಾತೂ ಕೇಳಿಸಿತು. "ಹೋದ್ ವರ್ಷ ನಿಮ್ಮ ಕ್ಯಾಮರಾ ನನ್ನ ಹೆಡ್ಗಿ ಒಳ್ಗೆ ಇಪ್ಪಾಗ, ಎಂತ ಆದ್ರೂ ಏಳ್ಬೇಡ ಅಂದ್ರಿ. ಈ ವರ್ಷ ಏಳ್ ಅಂತ್ರಿ. ನಾ ಏಳುದಿಲ್ಲೆ."